ಲಾರಿ ಬರುವ ಮೊದಲು: ಎರಡು ಮಕ್ಕಳು, ಒಂದು ಬೆಕ್ಕಿಗಾಗಿ ಬಾಡಿಗೆ ಮನೆ ಸಜ್ಜು ಮಾಡಿದ್ದು

ಬೆಂಗಳೂರಿನ ರಾಜಾಜಿನಗರದಿಂದ ಬನಶಂಕರಿ ಮೂರನೇ ಹಂತಕ್ಕೆ ಮನೆ ಬದಲಾಯಿಸಿದೆವು. ಮೊದಲ ಮಹಡಿ, ಎರಡು ರೂಮು, ಮುಂದೆ ಬಾಲ್ಕನಿ, ಟೆರೇಸಿಗೆ ಒಳಗಿನಿಂದಲೇ ಮೆಟ್ಟಿಲು. ಕೆಳಗೆ ಓನರ್ ಇದ್ದಾರೆ. ನಮ್ಮ ಕಡೆ ನಾಲ್ಕು ವರ್ಷದ ಮಗಳು, ಒಂದೂವರೆ ವರ್ಷದ ಮಗ, ಕರಿಯ ಎನ್ನುವ ನಾಡುಬೆಕ್ಕು, ಜೊತೆಗೆ ಎರಡಡಿಯ ಮೀನಿನ ತೊಟ್ಟಿ.

ಡಬ್ಬ ಹೇಗೆ ಕಟ್ಟಬೇಕು, ಪಾತ್ರೆಗೆ ಪೇಪರ್ ಹೇಗೆ ಸುತ್ತಬೇಕು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಹೊಸ ಮನೆ ಇನ್ನೂ ಖಾಲಿ ಇದ್ದಾಗ ಮಾಡಿದ ಕೆಲಸದ ಬಗ್ಗೆ. ಸಾಮಾನು ಬಂದ ಮೇಲೆ ಡ್ರಿಲ್ ಹಿಡಿಯಲು ಜಾಗ ಇರಲ್ಲ, ತಾಳ್ಮೆಯೂ ಇರಲ್ಲ. ಮಗು ಮಾತ್ರ ಬಂದ ಐದು ನಿಮಿಷಕ್ಕೇ ಮೆಟ್ಟಿಲು ಎಲ್ಲಿದೆ ಅಂತ ಹುಡುಕಿಕೊಂಡಿರುತ್ತದೆ.

ಕೀಲಿ ಬೇಗ ಸಿಕ್ಕಿದ್ದು ಆಷಾಢದ ದಯೆಯಿಂದ. ಆಷಾಢದಲ್ಲಿ ಹೊಸ ಮನೆಗೆ ಯಾರೂ ಬರಲ್ಲ, ಓನರ್‌ಗೆ ಮನೆ ಸುಮ್ನೆ ಖಾಲಿ ಬಿದ್ದಿರುತ್ತದೆ. ಹಾಗಾಗಿ ಆ ತಿಂಗಳಿಗೆ ಅರ್ಧ ಬಾಡಿಗೆ ಎಂದು ಕೇಳಿದೆವು, ಒಪ್ಪಿದರು. ಜ್ಯೇಷ್ಠ ಮುಗಿಯುವ ಮೊದಲೇ ಹಾಲುಕ್ಕಿಸಿ ಬಂದೆವು. ಅಮ್ಮನಿಗೂ ಸಮಾಧಾನ. ಆಮೇಲೆ ಯಾವಾಗ ಬೇಕಾದರೂ ಡ್ರಿಲ್ ತಗೊಂಡು ಹೋಗಬಹುದು. ಎರಡು ಕಡೆ ಬಾಡಿಗೆ ಕಟ್ಟುವುದು ದಂಡ ಅನಿಸಬಹುದು. ಪುಟ್ಟ ಮಕ್ಕಳಿದ್ದರೆ ಆ ದುಡ್ಡು ದಂಡ ಅಲ್ಲ.

ಇನ್ನೊಂದು ಮಾತು. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಪೇಂಟಿಂಗ್‌ಗೆ ಅಂತ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ನಮ್ಮೂರಿನ ಪದ್ಧತಿ. ಅದರ ಮೇಲೆ ತೂತಿನ ಲೆಕ್ಕವೂ ಸೇರಬಾರದು ಅಲ್ವಾ? ಅದಕ್ಕೆ ಯಾವ್ಯಾವ ಗೋಡೆಗೆ ತೂತು ಬೇಕು ಎಂದು ಫೋಟೋ ಮೇಲೆ ಗುರುತು ಹಾಕಿ ವಾಟ್ಸಾಪ್‌ನಲ್ಲಿ ಕಳಿಸಿ ಕೇಳಿದೆ. ಗೋಡೆಗೆ, ಛಾವಣಿಗೆ ಪರವಾಗಿಲ್ಲ. ಕಿಟಕಿ ಚೌಕಟ್ಟು, ಟೈಲ್ಸ್, ಗ್ರಾನೈಟ್ ಮುಟ್ಟಬೇಡಿ ಎಂದರು. ಮುಂದೆ ಹೇಳುವ ಎಲ್ಲ ಕೆಲಸದ ರೂಪ ಈ ಒಂದು ಮಾತಿನಿಂದ ಬಂದದ್ದು.

ಧೂಳು ಮತ್ತು ವಿಷದ ಕೆಲಸ ಮೊದಲು

ಕಟ್ಟಡ ಹಳೆಯದು. ರೂಮಿನ ಬಾಗಿಲು, ಕಿಟಕಿಗೆಲ್ಲ ಎನಾಮಲ್ ಪೇಂಟ್ ಪದರದ ಮೇಲೆ ಪದರ. ಅಲ್ಲಲ್ಲಿ ಹಕ್ಕಳೆ ಎದ್ದಿತ್ತು. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪೇಂಟಿನಲ್ಲಿ ಸೀಸ ಇದೆ ಅಂತಲೇ ಅಂದುಕೊಂಡು ಕೆಲಸ ಮಾಡುವುದು ಒಳ್ಳೆಯದು. ಸೀಸದ ಧೂಳು ನೆಲದಲ್ಲಿ ಕೂರುತ್ತದೆ. ಮಗು ನೆಲ ಮುಟ್ಟಿದ ಕೈ ಬಾಯಿಗೆ ಹಾಕುತ್ತದೆ, ಬೆಕ್ಕು ಕಾಲು ನೆಕ್ಕುತ್ತದೆ. ಒಣದಾಗಿ ಉಜ್ಜಲೇ ಇಲ್ಲ. ನೀರು ಚಿಮುಕಿಸಿ, ವಾಟರ್ ಪೇಪರಿನಲ್ಲಿ ಒದ್ದೆಯಾಗಿಯೇ ತಿಕ್ಕಿದೆ. ಕೆಳಗೆ ಪ್ಲಾಸ್ಟಿಕ್ ಹಾಳೆ, ಮೂಗಿಗೆ ಎನ್-95 ಮಾಸ್ಕ್. ಮುಗಿದ ಮೇಲೆ ಹಾಳೆ ಸುತ್ತಿ ಕಟ್ಟಿ ಬಿಸಾಡಿದೆ. ಗುಡಿಸಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮೇಲೆ ಒಂದು ಕೋಟ್ ಹೊಸ ಪೇಂಟ್. ಈ ಕೆಲಸ ನಡೆಯುವಾಗ ಮಕ್ಕಳು ಆ ಕಡೆ ತಲೆ ಹಾಕಕೂಡದು.

ಜಿರಳೆ ಔಷಧಿ ಮುಂದಿನದು. ಸ್ಪ್ರೇ ಬೇಡ ಎಂದು ಮೊದಲೇ ಹೇಳಿದೆವು. ಪರ್ಮೆಥ್ರಿನ್ ಜಾತಿಯ ಔಷಧಿ ನಾಯಿಗೆ ಅಷ್ಟೇನೂ ಮಾಡದಿರಬಹುದು, ಬೆಕ್ಕಿಗೆ ಅದು ಪ್ರಾಣಕ್ಕೆ ಕುತ್ತು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಅಡುಗೆಮನೆಯ ಕೀಲು, ಸಂದಿಗಳಲ್ಲಿ ಚುಕ್ಕಿ ಇಡುವ ಜೆಲ್ ಸಾಕಾಯಿತು. ನೆಲ ಒರೆಸಲು ಫಿನಾಯಿಲ್ ಕೂಡ ಬಿಟ್ಟೆವು, ಅದರಲ್ಲಿರುವ ಫಿನಾಲ್ ಕೂಡ ಬೆಕ್ಕಿಗೆ ಆಗಲ್ಲ. ಬಟ್ಟೆ ಸೋಪಿನ ಪುಡಿ, ಬಿಸಿನೀರು, ಆಮೇಲೆ ಬರೀ ನೀರು. ಅಷ್ಟರಲ್ಲೇ ನೆಲ ಚೊಕ್ಕಟವಾಗುತ್ತದೆ.

ನುಸಿ ಗುಳಿಗೆ ಬಗ್ಗೆ ಯಾರೂ ಯೋಚಿಸಲ್ಲ. ಹಳೆ ಮನೆಯ ಬೀರುವಿನಿಂದ ರೇಷ್ಮೆ ಸೀರೆ ಜೊತೆ ಅದೂ ಡಬ್ಬಕ್ಕೆ ಸೇರುತ್ತದೆ. ಡಬ್ಬ ಬಿಚ್ಚುವಾಗ ಬಿಳಿ ಪೆಪ್ಪರ್‌ಮೆಂಟಿನ ಹಾಗೆ ನೆಲದ ಮೇಲೆ ಉರುಳುತ್ತದೆ. ನುಂಗಿದ ಮಗುವಿನ ರಕ್ತಕಣ ಒಡೆಯುವಷ್ಟು ಕೆಟ್ಟದ್ದು ಅದು, ಕೆಲವು ಮಕ್ಕಳಿಗಂತೂ ಜಾಸ್ತಿ ಅಪಾಯ. ಪ್ಯಾಕಿಂಗ್ ಶುರು ಮಾಡುವ ದಿನವೇ ಎಲ್ಲ ಆರಿಸಿ ತೆಗೆದೆವು.

ಸಂಪ್

ಕಾರು ನಿಲ್ಲಿಸುವ ಜಾಗದಲ್ಲಿ ನೆಲದಡಿ ಸಂಪ್ ಇದೆ. ಬೆಂಗಳೂರಿನ ಯಾವ ಮನೆಯಲ್ಲಿ ಇಲ್ಲ ಹೇಳಿ. ಇದರ ಮುಚ್ಚಳ ತೆಳು ತಗಡು, ತುಕ್ಕು ಹಿಡಿದು ಒಂದು ಮೂಲೆ ಮಡಚಿಕೊಂಡಿತ್ತು. ಮನೆ ನೋಡಲು ಬಂದಾಗ ಮಗಳು ಅದರ ಮೇಲೆ ನಿಂತು ಕುಣಿದಿದ್ದಳು. ಸಂಪಿಗೆ ಮಗು ಬಿದ್ದ ಸುದ್ದಿ ಪತ್ರಿಕೆಯಲ್ಲಿ ಆಗಾಗ ಓದುತ್ತೇವೆ, ಮರೆಯುತ್ತೇವೆ. ಮನೆಯ ಕೆಲಸಗಳಲ್ಲಿ ಇದಕ್ಕೇ ನಾನು ಮೊದಲ ಸ್ಥಾನ ಕೊಡುವುದು, ಬಾಲ್ಕನಿಗೂ ಅಲ್ಲ.

ಓನರ್‌ಗೆ ಹೇಳಿದೆ, ಖರ್ಚು ಅರ್ಧರ್ಧ ಎಂದೆ. ಹತ್ತಿರದ ವೆಲ್ಡಿಂಗ್ ಅಂಗಡಿಯವರು ಗೀರಿನ ದಪ್ಪ ತಗಡು, ಅಂದರೆ ಚೆಕರ್ ಪ್ಲೇಟ್ ಕತ್ತರಿಸಿ, ಕೆಳಗೆ ಆಂಗಲ್ ಕೊಟ್ಟು ಹೊಸ ಮುಚ್ಚಳ ಮಾಡಿದರು. ಒಂದು ಬದಿ ಕೀಲು, ಇನ್ನೊಂದು ಬದಿ ಬೀಗ ಹಾಕುವ ಕೊಂಡಿ. ಟ್ಯಾಂಕರ್ ಬಂದಾಗ ಬೀಗದ ಕೀಲಿ ಹುಡುಕುವ ಗಡಿಬಿಡಿ ಆಗುತ್ತದೆ, ಆಗ ಜನ ಬೀಗ ಹಾಕುವುದನ್ನೇ ಬಿಟ್ಟುಬಿಡುತ್ತಾರೆ. ಅದಕ್ಕೆ ಕೀಲಿ ಮೀಟರ್ ಬೋರ್ಡಿನ ಪಕ್ಕ ಎತ್ತರದ ಮೊಳೆಯಲ್ಲಿ, ಎರಡೂ ಮನೆಯವರಿಗೆ ಸಿಗುವ ಹಾಗೆ ನೇತು ಹಾಕಿದ್ದೇವೆ.

ನೀರು ಹಿಡಿದಿಡುವ ಬಕೆಟ್ಟಿಗೂ ಇದೇ ಮಾತು. ನಾಲ್ಕೈದು ಇಂಚು ನೀರಿದ್ದರೂ ತಲೆಕೆಳಗಾಗಿ ಬಿದ್ದ ಮಗುವಿಗೆ ಏಳಲು ಆಗಲ್ಲ. ಯುಟಿಲಿಟಿಗೆ ತಿರುಪು ಮುಚ್ಚಳದ ಡ್ರಮ್ ತಂದೆವು, ಬಕೆಟ್ ಎಲ್ಲ ಬೋರಲು.

ಬಾಲ್ಕನಿ

ಜಾಸ್ತಿ ಹೊತ್ತು ಹಿಡಿದದ್ದು ಇದೇ. ಎಂಟಡಿ ಅಗಲ. ಮೂರಡಿ ಗೋಡೆ, ಅದರ ತಲೆಗೆ ಗ್ರಾನೈಟ್ ಪಟ್ಟಿ, ಅದರ ಮೇಲೆ ಅಡ್ಡಡ್ಡ ಎರಡು ಸ್ಟೀಲ್ ಪೈಪು. ಅಲ್ಲಿಂದ ಛಾವಣಿಯವರೆಗೆ ಖಾಲಿ. ಅಡ್ಡ ಪೈಪು ಎಂದರೆ ಮಕ್ಕಳಿಗೆ ಕಾಲಿಡಲು ಜಾಗ ಎಂದೇ ಲೆಕ್ಕ.

ಬೆಕ್ಕು ಎಲ್ಲಿಂದ ಬಿದ್ದರೂ ಏನೂ ಆಗಲ್ಲ ಎನ್ನುವವರು ಇದ್ದಾರೆ. 1987ರಲ್ಲಿ ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದರ ವೈದ್ಯರು ಮಹಡಿಯಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಉಳಿದವು. ಆ ಮಾತಿಗೆ ಇದನ್ನೇ ಸಾಕ್ಷಿ ಮಾಡುತ್ತಾರೆ. ಆದರೆ ಅವು ಜೀವಂತವಾಗಿ ಆಸ್ಪತ್ರೆ ಮುಟ್ಟಿದ ಬೆಕ್ಕುಗಳು. ಬಿದ್ದಲ್ಲೇ ಸತ್ತವು ಲೆಕ್ಕದಲ್ಲಿ ಇಲ್ಲ. ಉಳಿದವಕ್ಕೂ ಎದೆಗೆ, ದವಡೆಗೆ, ಕಾಲಿಗೆ ಪೆಟ್ಟು.

ಪಾರಿವಾಳದ ನೆಟ್ ಒಂದನ್ನೇ ಕಟ್ಟಿಸುವುದು ಸುಲಭದ ದಾರಿ. ನೈಲಾನ್ ಬಲೆ ಪಾರಿವಾಳಕ್ಕೆ ಸರಿ. ಬೆಕ್ಕು ಕೂತಲ್ಲೇ ಕಚ್ಚುತ್ತದೆ, ಒಂದು ಕಣ್ಣು ತುಂಡಾದರೆ ಅಲ್ಲಿಂದ ಹರಿಯುತ್ತಾ ಹೋಗುತ್ತದೆ. ತೆಳು ಸ್ಟೀಲ್ ತಂತಿ ಎಳೆದು ಮಾಡುವ ಇನ್‌ವಿಸಿಬಲ್ ಗ್ರಿಲ್ ಮಕ್ಕಳಿಗೆ ಗಟ್ಟಿ, ಆದರೆ ತಂತಿ ನಡುವಿನ ಸಂದಿಯಲ್ಲಿ ಸಣ್ಣ ಬೆಕ್ಕು ನುಸುಳುತ್ತದೆ. ಬಾಡಿಗೆ ಮನೆಗೆ ಅಷ್ಟು ದುಡ್ಡು ಹಾಕಲು ನನಗೆ ಮನಸ್ಸೂ ಬರಲಿಲ್ಲ. ಕೊನೆಗೆ ಬೆಕ್ಕಿನ ಬಾಯಿಗೆ, ಮಕ್ಕಳ ಕೈಗೆ ಎಟುಕುವ ಮೂರಡಿಗೆ ಕಬ್ಬಿಣದ ವೆಲ್ಡ್ ಮೆಶ್, ಅದರ ಮೇಲೆ ನೈಲಾನ್ ಬಲೆ ಎಂದು ತೀರ್ಮಾನ ಮಾಡಿದೆ.

ಮೆಶ್ ಎಸ್‌ಪಿ ರಸ್ತೆಯಲ್ಲಿ ತಂದೆ. ಒಂದಿಂಚು ಚೌಕದ, 14 ಗೇಜಿನ ಜಿಐ, ಅಂದರೆ ಸತು ಲೇಪದ ಕಬ್ಬಿಣದ ಮೆಶ್. ಗೇಜ್ ನಂಬರು ಹೆಚ್ಚಾದಷ್ಟು ತಂತಿ ತೆಳು ಎಂಬುದು ನೆನಪಿರಲಿ. 14 ಎಂದರೆ ಸುಮಾರು ಎರಡು ಎಂಎಂ. 18, 20ರದ್ದು ಅಗ್ಗ, ಕೈಯಲ್ಲೇ ಬಗ್ಗುತ್ತದೆ. ಜೊತೆಗೆ ಮೂರು ಎಂಎಂ ಸ್ಟೀಲ್ ವೈರ್ ರೋಪ್, ಅದರ ಕ್ಲಾಂಪು, ಬಿಗಿ ಮಾಡಲು ಟರ್ನ್ ಬಕಲ್, ಐ ಹುಕ್ಕು, ಹುಕ್ಕು ಹಿಡಿಯಲು ತೂತಿನೊಳಗೆ ಹಾಕುವ ರಾಲ್ ಪ್ಲಗ್, ಕಟ್ಟುವ ಜಿಐ ತಂತಿ.

ಪಕ್ಕದ ಗೋಡೆಗಳು ಸಾಲಿಡ್ ಬ್ಲಾಕ್, ಮೇಲಿನದು ಆರ್‌ಸಿಸಿ. ಎರಡಕ್ಕೂ ಹ್ಯಾಮರ್ ಡ್ರಿಲ್ ಬೇಕು. ಬಿಟ್‌ಗೆ ಎರಡಿಂಚು ಬಿಟ್ಟು ಇನ್ಸುಲೇಶನ್ ಟೇಪು ಸುತ್ತಿಕೊಂಡರೆ ತೂತಿನ ಆಳ ತಿಳಿಯುತ್ತದೆ. ತೂತು ಕೊರೆದ ಮೇಲೆ ಒಳಗಿನ ಪುಡಿಯನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಬೇಕು. ಪುಡಿ ಉಳಿದರೆ ಪ್ಲಗ್ ಹಿಡಿಯಲ್ಲ, ಹುಕ್ಕು ನಾಲ್ಕು ದಿನಕ್ಕೆ ಅಲ್ಲಾಡುತ್ತದೆ. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ಎಲ್ಲೂ ಕೊರೆಯಬೇಡಿ, ವೈರಿನ ಪೈಪು ಅಲ್ಲೇ ಹೋಗಿರುತ್ತದೆ.

ಹುಕ್ಕುಗಳ ನಡುವೆ ಒಂದೂವರೆ ಅಡಿ ಅಂತರ ಕೊಟ್ಟೆ. ಛಾವಣಿಯ ಅಂಚಿಗೆ, ಎರಡೂ ಗೋಡೆಗೆ ರೋಪ್ ಎಳೆದು, ಮೆಶ್‌ನ ಮೇಲಂಚು ಬರುವ ಎತ್ತರಕ್ಕೆ ಗೋಡೆಯಿಂದ ಗೋಡೆಗೆ ಇನ್ನೊಂದು ರೋಪ್. ಕ್ಲಾಂಪು ಹಾಕುವಾಗ ಒಂದು ನಿಯಮ ಇದೆ. ಯು ಆಕಾರದ ಭಾಗ ಕತ್ತರಿಸಿದ ತುದಿಯ ಮೇಲೆ ಕೂರಬೇಕು. ಹಲ್ಲಿರುವ ಕಚ್ಚು ಭಾಗ ಎಳೆತ ಬೀಳುವ ರೋಪಿನ ಕಡೆ ಇರಬೇಕು. ತಿರುಗಿಸಿ ಹಾಕಿದರೆ ಭಾರ ಹೊರುವ ಎಳೆಯೇ ಜಜ್ಜಿಹೋಗುತ್ತದೆ. ಕೆಲಸದವರನ್ನು ಕರೆದರೂ ಇದನ್ನು ನೀವೇ ನೋಡಿ.

ಗ್ರಾನೈಟ್ ಮುಟ್ಟುವ ಹಾಗಿಲ್ಲವಲ್ಲ, ಮೆಶ್‌ನ ಕೆಳಭಾಗವನ್ನು ಸ್ಟೀಲ್ ಪೈಪುಗಳಿಗೇ ಒಳಮೈಯಿಂದ ಬಿಗಿದೆ. ಮೇಲಂಚು ಅಡ್ಡ ರೋಪಿಗೆ. ಒಳಮೈಯಲ್ಲಿ ಕಟ್ಟಿದ್ದರಿಂದ ಅಡ್ಡ ಪೈಪಿನ ಮೇಲೆ ಕಾಲಿಡಲು ಆಗಲ್ಲ, ಅದೇ ದೊಡ್ಡ ಲಾಭ. ನೈಲಾನ್ ಬಲೆಯನ್ನು ಮೆಶ್ ಮೇಲೆ ಅರ್ಧ ಅಡಿ ಇಳಿಬಿಟ್ಟು, ಪ್ರತಿ ಕಣ್ಣಿಗೂ ದಾರ ಹಾಕಿ ಹೊಲಿದೆ. ಇದು ಬೇಜಾರಿನ ಕೆಲಸ, ರೇಡಿಯೋ ಹಾಕಿಕೊಳ್ಳಿ. ಕತ್ತರಿಸಿದ ತಂತಿಯ ತುದಿಗಳು ಬ್ಲೇಡಿನಷ್ಟು ಚೂಪು. ಹಳೆ ಗಾರ್ಡನ್ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸಿ, ತಂತಿಯಿಂದ ಬಿಗಿದೆ.

ಇಷ್ಟಾದರೂ ಬಲೆ ಇರುವುದು ಬೆಕ್ಕಿಗೆ. ಮಗುವಿನ ಭಾರ ಅದರ ಮೇಲೆ ಬೀಳಬಾರದು. ಬಾಲ್ಕನಿಯಲ್ಲಿ ಕುರ್ಚಿ ಇಲ್ಲ, ಸ್ಟೂಲ್ ಇಲ್ಲ, ಗೋಡೆ ಪಕ್ಕ ಹೂಕುಂಡ ಇಲ್ಲ. ಬಾಗಿಲ ಮೇಲ್ಗಡೆ ಚಿಲಕ.

ಕಿಟಕಿ

ಹಳೆ ಕಾಲದ ಮರದ ಕಿಟಕಿ, ಕಬ್ಬಿಣದ ಗ್ರಿಲ್. ಸರಳಿನ ನಡುವೆ ನಾಲ್ಕಿಂಚು. ಬೆಕ್ಕಿನ ತಲೆ ಹೋದರೆ ಬೆಕ್ಕು ಹೋದಂತೆ. ಉಳಿದ ಮೆಶ್ ತುಂಡುಗಳನ್ನು ಗ್ರಿಲ್‌ಗೆ ಕಟ್ಟಿದೆ, ಒಂದೂ ತೂತು ಬೇಕಾಗಲಿಲ್ಲ. ಪ್ಲಾಸ್ಟಿಕ್ ಟ್ಯಾಗ್ ಹಾಕುವುದಾದರೆ ಕಪ್ಪನೆಯದು ಹಾಕಿ, ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಸೊಳ್ಳೆ ಪರದೆ ನಂಬಬೇಡಿ, ಕರಿಯನ ಉಗುರಿಗೆ ಅದು ಲೆಕ್ಕಕ್ಕೇ ಇಲ್ಲ.

ಎಲ್ಲರೂ ಮರೆಯುವ ಜಾಗ ಬಚ್ಚಲುಮನೆಯ ವೆಂಟಿಲೇಟರ್, ಮತ್ತೆ ಎಕ್ಸಾಸ್ಟ್ ಫ್ಯಾನ್ ಇಲ್ಲದ ದುಂಡು ತೂತು. ಗಾಬರಿಯಾದ ಬೆಕ್ಕು ಮೊದಲು ಹುಡುಕುವುದು ಅದನ್ನೇ.

ಮೆಟ್ಟಿಲ ಗೇಟು

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಗೇಟು ಎರಡೂ ಬದಿಗೆ ಒತ್ತಿ ನಿಲ್ಲುವಂಥದ್ದು. ಮೆಟ್ಟಿಲಿನ ಕೆಳಗೆ ಅದು ನಡೆಯುತ್ತದೆ. ಮೇಲ್ತುದಿಗೆ ಯಾವತ್ತೂ ಬೇಡ. ಮಗು ಒರಗಿದರೆ ಗೇಟು, ಮಗು ಎರಡೂ ಕೆಳಗೆ. ಅಲ್ಲಿಗೆ ಸ್ಕ್ರೂ ಹಾಕಿ ಕೂರಿಸಿದ್ದೇ ಆಗಬೇಕು. ನಮ್ಮದು ಕೆಳಗಿನ ಗೇಟು, ಆದರೆ ಒಂದು ಬದಿ ಗೋಡೆ, ಇನ್ನೊಂದು ಬದಿ ದುಂಡು ಸ್ಟೀಲ್ ಕಂಬ. ಒತ್ತಿ ನಿಲ್ಲಲು ಕಂಬದಲ್ಲಿ ಚಪ್ಪಟೆ ಜಾಗವೇ ಇಲ್ಲ.

ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ ಸಿಲ್ವರ್ ಓಕ್ ರೀಪರ್, ಅಂದರೆ ಮರದ ಉದ್ದ ಪಟ್ಟಿಗಳನ್ನು ತಂದೆ. ಕಾಫಿ ತೋಟದ ನೆರಳಿನ ಮರ, ಹಗುರ, ಮೊಳೆ ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ. ಕಂಬಕ್ಕೆ ಎರಡಿಂಚು ಚೌಕದ ರೀಪರ್ ನಿಲ್ಲಿಸಿ ಮೂರು ಯು ಕ್ಲಾಂಪಿನಿಂದ ಬಿಗಿದೆ, ನಡುವೆ ಹಳೆ ಸೈಕಲ್ ಟ್ಯೂಬಿನ ತುಂಡು ಕೊಟ್ಟೆ. ಸ್ಟೀಲಿಗೆ ಗೀರು ಬೀಳಲ್ಲ, ರೀಪರ್ ಜಾರಲ್ಲ. ಗೋಡೆ ಬದಿಗೆ ಇನ್ನೊಂದು ರೀಪರ್, ಪ್ಲಗ್ ಹಾಕಿ ಸ್ಕ್ರೂ.

ಗೇಟಿನ ಎತ್ತರ 32 ಇಂಚು. ಪಟ್ಟಿಗಳೆಲ್ಲ ನಿಂತ ಪಟ್ಟಿಗಳು, ಸಂದಿ ಎರಡಿಂಚು ದಾಟದ ಹಾಗೆ. ಅಡ್ಡ ಪಟ್ಟಿ ಮೇಲೊಂದು ಕೆಳಗೊಂದು ಮಾತ್ರ, ಅವೂ ಮೆಟ್ಟಿಲ ಕಡೆ. ಮಗು ನಿಲ್ಲುವ ಕಡೆ ಕಾಲಿಡಲು ಏನೂ ಇಲ್ಲ. ಗೇಟು ರೂಮಿನ ಕಡೆ ತೆರೆಯುತ್ತದೆ. ಸ್ಪ್ರಿಂಗ್ ಕೀಲು ಹಾಕಿದ್ದರಿಂದ ಕೈಯಲ್ಲಿ ಬಟ್ಟೆ ಬುಟ್ಟಿ ಇದ್ದರೂ ತಾನೇ ಮುಚ್ಚಿಕೊಳ್ಳುತ್ತದೆ. ಚಿಲಕ ಆಚೆ ಬದಿಗೆ, ಮೇಲಿನಿಂದ ಕೈ ಹಾಕಿ ಎಳೆಯಬೇಕು. ಅಂಚುಗಳನ್ನು ಎಮರಿ ಪೇಪರಿನಲ್ಲಿ ದುಂಡಗೆ ಮಾಡಿದೆ. ಹಲ್ಲು ಬರುವ ಮಗು ಗೇಟಿನ ತಲೆಯನ್ನು ಕಚ್ಚದೆ ಬಿಡಲ್ಲ, ಅದಕ್ಕೆ ವಾರ್ನಿಶ್ ಬೇಡ ಎಂದು ಹಾಗೇ ಬಿಟ್ಟೆ.

ಟೆರೇಸಿನ ಬಾಗಿಲಿಗೆ ತಲೆಗಿಂತ ಎತ್ತರದಲ್ಲಿ ಒಂದು ಟವರ್ ಬೋಲ್ಟ್. ಬೆಕ್ಕು ಗೇಟನ್ನು ಹಾರುತ್ತದೆ, ಹಾರಲಿ. ಟೆರೇಸಿನ ಬಾಗಿಲು ಮುಚ್ಚಿದೆಯಲ್ಲ.

ಕರೆಂಟು, ಬಿಸಿನೀರು

ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಶಾಕ್ ಹೊಡೆದರೆ ಕರೆಂಟು ಕಡಿಯುವ ಸ್ವಿಚ್ ಇದೆಯಾ ನೋಡಿ, ಟೆಸ್ಟ್ ಬಟನ್ ಒತ್ತಿ. ಕರೆಂಟು ಹೋಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಕೆಳಗಿನ ಹಳೆ ಸಾಕೆಟ್‌ಗಳನ್ನು ಎಲೆಕ್ಟ್ರಿಷಿಯನ್ ಕರೆಸಿ ಒಳಗೆ ಶಟರ್ ಇರುವುದಕ್ಕೆ ಬದಲಾಯಿಸಿದೆವು.

ಮೇಲೆ ಸೋಲಾರ್ ಹೀಟರ್. ಗೀಸರ್ ಆದರೆ ಥರ್ಮೋಸ್ಟ್ಯಾಟ್ 50 ಡಿಗ್ರಿಗೆ ಇಳಿಸಬಹುದು. ಸೋಲಾರ್‌ಗೆ ಅಂಥದ್ದೇನೂ ಇಲ್ಲ, ಬಿಸಿಲು ಎಷ್ಟೋ ನೀರು ಅಷ್ಟು. 60 ಡಿಗ್ರಿಯ ನೀರು ಐದಾರು ಸೆಕೆಂಡಿಗೆ ಚರ್ಮ ಸುಡುತ್ತದೆ. ಬಚ್ಚಲಿನ ಬಿಸಿನೀರಿನ ಪೈಪಿಗೆ ಎತ್ತರದಲ್ಲಿ ಒಂದು ವಾಲ್ವ್ ಇತ್ತು. ಸ್ನಾನದ ಹೊತ್ತು ಬಿಟ್ಟರೆ ಅದು ಬಂದ್.

ಸಾಗಿಸಿದ ದಿನ

ಬೀರು, ಪುಸ್ತಕದ ರ‍್ಯಾಕು ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಗುರುತು ಹಾಕಿ, ಗೋಡೆಗೆ ಎಲ್ ಕ್ಲಾಂಪ್ ಹೊಡೆದಿಟ್ಟಿದ್ದೆ. ಲಾರಿಯವರು ಇಳಿಸಿದ ತಕ್ಷಣ ಎರಡು ಸ್ಕ್ರೂ, ಅಷ್ಟೇ. ಎಳೆದರೆ ಬೀಳುವ ರ‍್ಯಾಕು ಒಂದು ರಾತ್ರಿಯೂ ಹಾಗೇ ನಿಲ್ಲಬಾರದು.

ಚಿಕ್ಕ ರೂಮು ಕರಿಯನದು. ಹಳೆ ಹಾಸು ಒಗೆಯದೆ ತಂದೆವು, ಕಕ್ಕಸಿನ ಟ್ರೇಗೂ ಹಳೆ ಮಣ್ಣು ಒಂದು ಹಿಡಿ. ವಾಸನೆ ತನ್ನದು ಎನಿಸಿದರೆ ಬೆಕ್ಕಿನ ಅರ್ಧ ಭಯ ಹೋಗುತ್ತದೆ. ಅವನನ್ನು ಒಯ್ಯುವ ಬುಟ್ಟಿ ಕೆಲವು ವಾರದಿಂದ ಹಾಲ್‌ನಲ್ಲೇ ಇತ್ತು, ಊಟ ಅದರೊಳಗೇ. ಸಾಮಾನು ಹೊರಡುವ ಹೊತ್ತಿಗೆ ಅವನು ಹಳೆ ಮನೆಯ ಬಚ್ಚಲಲ್ಲಿ, ಬಾಗಿಲ ಮೇಲೆ ಮಗಳು ಬರೆದ ದೊಡ್ಡ ಬೆಕ್ಕಿನ ಚಿತ್ರ. ಕೆಲಸದ ಹುಡುಗರಲ್ಲಿ ಕನ್ನಡ ಓದಲು ಬರುವವರು ಇದ್ದರೋ ಇಲ್ಲವೋ, ಚಿತ್ರ ಎಲ್ಲರಿಗೂ ತಿಳಿಯಿತು. ಹೊಸ ಮನೆಯ ಗಲಾಟೆ ಮುಗಿದ ಮೇಲೆ ಕೊನೆಗೆ ಕಾರಿನಲ್ಲಿ ಅವನ ಪ್ರಯಾಣ. ಬುಟ್ಟಿಯ ಮೇಲೆ ಹಳೆ ಪಂಚೆ, ಸೀಟ್ ಬೆಲ್ಟ್. ಬೆಳಗ್ಗೆ ತಿಂಡಿ ಕೊಟ್ಟಿರಲಿಲ್ಲ, ಹಾಗಾಗಿ ವಾಂತಿ ಇಲ್ಲ. ಹೊರಗೆ ತಿರುಗಾಡುವ ಬೆಕ್ಕಾದರೆ ಎರಡು ಮೂರು ವಾರವಾದರೂ ಒಳಗೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹಳೆ ಮನೆ ಹುಡುಕಿ ಹೊರಡುತ್ತದೆ.

ಮೀನಿನ ತೊಟ್ಟಿಯನ್ನು ನೀರಿನ ಸಮೇತ ಎತ್ತಬೇಡಿ. ಎರಡಡಿಯದ್ದರಲ್ಲೂ ಐವತ್ತು ಲೀಟರಿಗೂ ಮೇಲೆ ನೀರು, ಗಾಜಿನ ಅಂಟು ಬಿಡುತ್ತದೆ. ಮೀನುಗಳು ಹಳೆ ನೀರಿನ ಬಕೆಟ್ಟಿನಲ್ಲಿ, ಫಿಲ್ಟರಿನ ಸ್ಪಂಜೂ ಅದರಲ್ಲೇ. ಸ್ಪಂಜು ಒಣಗಿದರೆ ಅದರೊಳಗಿನ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತದೆ, ಆಮೇಲೆ ನೀರು ಎಷ್ಟು ಬದಲಾಯಿಸಿದರೂ ಮೀನು ನರಳುತ್ತದೆ. ಅಲ್ಲಿ ಕಾವೇರಿ, ಇಲ್ಲಿ ಹೆಚ್ಚಾಗಿ ಬೋರ್‌ವೆಲ್ ಗಡಸು ನೀರು. ಒಂದೇ ಸಲ ತುಂಬದೆ, ಹಳೆ ನೀರಿಗೆ ದಿನಕ್ಕೆ ಸ್ವಲ್ಪ ಹೊಸದು ಸೇರಿಸುತ್ತಾ ಬಂದೆವು.

ಮಕ್ಕಳು ಸಂಜೆವರೆಗೆ ಅಜ್ಜಿ ಮನೆಯಲ್ಲಿ. ಅವರ ಹಾಸಿಗೆ, ಹೊದಿಕೆ, ಡೈಪರ್, ಜ್ವರದ ಔಷಧಿ, ತಾಯಿ ಕಾರ್ಡ್, ಬೆಕ್ಕಿನ ಲಸಿಕೆ ಪುಸ್ತಕ ಎಲ್ಲ ಕಾರಿನಲ್ಲೇ ಬಂದವು, ಲಾರಿ ಹತ್ತಲಿಲ್ಲ. ಅವರು ಬರುವಷ್ಟರಲ್ಲಿ ಒಂದು ರೂಮು ಪೂರ್ತಿ ಸಿದ್ಧ. ಉಳಿದ ಮನೆ ಹೇಗಿದ್ದರೂ ನಡೆಯುತ್ತದೆ. ಜುಲೈನ ಜಿಟಿಜಿಟಿ ಮಳೆ, ಲಾರಿಗೆ ಟಾರ್ಪಾಲ್ ಇದೆಯಾ ಎಂದು ಮೊದಲೇ ಕೇಳಿದ್ದು ಉಪಯೋಗಕ್ಕೆ ಬಂತು.

ಕಾಗದದ ಕೆಲಸದಲ್ಲಿ ಬೇಗ ಮಾಡಬೇಕಾದದ್ದು ಗೃಹಜ್ಯೋತಿ. ಹಳೆ ಮನೆಯ ಕರೆಂಟು ಸಂಪರ್ಕದ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸದೆ ಹೊಸದಕ್ಕೆ ಸೇರಿಸಲು ಆಗಲ್ಲ. ಸೇವಾ ಸಿಂಧು ಪೋರ್ಟಲಿನಲ್ಲೇ ಡಿಲಿಂಕ್ ಮಾಡಬಹುದು.

ಈಗ ಬಾಕಿ ಇರುವುದು ಮೆಟ್ಟಿಲ ಗೇಟಿನ ಚಿಲಕದ ವಿಷಯ. ಇಂಥ ಗೇಟುಗಳು ಎರಡು ವರ್ಷದೊಳಗಿನ ಮಕ್ಕಳಿಗೆ ಎಂದು ಮಾಡುವಂಥವು. ಮಗಳು ಮೇಲಿನಿಂದ ಕೈ ಹಾಕಿ ಆಗಲೇ ತೆಗೆಯುತ್ತಾಳೆ, ತಮ್ಮನಿಗೂ ತೋರಿಸುತ್ತಾಳೆ. ಮೊದಲು ಎತ್ತಿ ಆಮೇಲೆ ಎಳೆಯುವ ಎರಡು ಹಂತದ ಚಿಲಕ ಹುಡುಕುತ್ತಿದ್ದೇನೆ. ಸಿಗದಿದ್ದರೆ ಈಗಿರುವ ಚಿಲಕವನ್ನೇ ಮಗಳ ಕೈಗೆ ಎಟುಕದ ಹಾಗೆ ಗೇಟಿನ ಆಚೆ ಬದಿಯಲ್ಲಿ ಇನ್ನೂ ಆರಿಂಚು ಕೆಳಗಿಳಿಸಬೇಕು.